ಮೂರು ವೋಲ್ಟು

ಜುಲೈ ಮುಗಿಯುತ್ತ ಬಂದಿತ್ತು. ಬೈತಖೋಲದ ಧಕ್ಕೆಯಲ್ಲಿ
ಬೋಟಿಗೆ ಬಣ್ಣ, ಬಲೆಗೆ ಸೂಜಿ, ಎಲ್ಲರ ಬಾಯಲ್ಲೂ
ನಾರಳಿ ಹುಣ್ಣಿಮೆಗೆ ಎಷ್ಟು ದಿನ ಎಂಬ ಲೆಕ್ಕ.
ಗಣಬಾ ತಾಂಡೇಲರು ಕರೆದರು: 'ಜಯ ಸಾಂತೇರಿ'ಯ
ಕಂಬದ ದೀಪ ಮಂಕು. ರೋಗ ಹೇಳಿ ಮುಗಿಸುವ ಮೊದಲೇ
ಔಷಧ ಹೇಳಿದರು:
"ಬಲ್ಬು ಸಣ್ಣದು ಬಾಯ. ಇದರಪ್ಪನಂಥದು ಹಾಕು."

ಹಾಕಬಹುದಿತ್ತು. ದುಡ್ಡು ಎಣಿಸಿ
ಬಿಣಗಾದ ಬಸ್ಸು ಹಿಡಿಯಬಹುದಿತ್ತು.
ಆದರೆ ಹೋದ ಮಾಘದಲ್ಲಿ
ಯಾವುದೋ ಕಬ್ಬಿಣದ ಹಡಗು ಈ ದೀಪ ಕಾಣದೆ
ಇವರ ಬಲೆಯ ಮೇಲೇ ಹಾದುಹೋಗಿತ್ತು.
"ಏಳು ಮಾರು ದೂರ" ಎಂದ ಖಲಾಸಿ ಹುಡುಗ
ಎರಡೂ ಕೈ ಚಾಚಿ ಒಂದು ಮಾರು ತೋರಿಸಿದ.
ಉಳಿದ ಆರು ನಾನೇ ಅಂದಾಜು ಮಾಡಿಕೊಂಡೆ.

ಮಾಜಾಳಿಯ ಶಾಲೆಯಲ್ಲಿ ಟೀಚರು ಬೋರ್ಡಿನ ಮೇಲೆ
'ವಿಭವಾಂತರ' ಎಂದು ಬರೆದಾಗ
ಐತ್ವ ಬಿಟ್ಟುಹೋಯಿತೆಂದುಕೊಂಡೆ.
ಇದ್ದವರ ಮನೆಗೂ ನಮ್ಮ ಮನೆಗೂ ಇರುವ
ವೈಭವದ ಅಂತರ ಎಂದು ಪರೀಕ್ಷೆಯಲ್ಲಿ ಬರೆದು
ಸೊನ್ನೆ ತಗೊಂಡೆ.
ಈಗ ಅನಿಸುತ್ತದೆ, ಅರ್ಧ ಅಂಕವಾದರೂ ಕೊಡಬೇಕಿತ್ತು.
ಕದ್ರಾದ ನೀರೂ ಎತ್ತರ ಇದ್ದಲ್ಲಿಂದ ತಾನೆ ಇಳಿಯುವುದು?

ಬಲ್ಬಿನ ಬುಡದಲ್ಲಿ ಅದರ ಜಾತಕ:
ಹನ್ನೆರಡು ವೋಲ್ಟು, ಮೂವತ್ತಾರು ವ್ಯಾಟು.
ಭಾಗಿಸಿದರೆ ಮೂರು ಆಂಪಿಯರು,
ಮತ್ತೆ ಭಾಗಿಸಿದರೆ ನಾಲ್ಕು ಓಮು.
ಜಾತಕವೇನೋ ಚೆನ್ನಾಗಿದೆ. ಬಾಳು ಬೇರೆ:
ಬ್ಯಾಟರಿಯ ಬಳಿ ಹನ್ನೆರಡು,
ಕಂಬ ಹತ್ತಿ ಅಳೆದರೆ ಒಂಬತ್ತು,
ನಡುವೆ ಹರಿಯುವುದು ಎರಡೂವರೆ.
ಗುಣಿಸು: ಇಪ್ಪತ್ತೆರಡೂವರೆ ವ್ಯಾಟು.
ಭಾಗಿಸು: ಮೂರು ಪಾಯಿಂಟ್ ಆರು ಓಮು.
ನಾಲ್ಕಿತ್ತಲ್ಲ?
ಇತ್ತು. ತಂತು ಕಾದಷ್ಟೂ ಅದರ ಹಟ ಹೆಚ್ಚು.
ಅರೆಹೊಟ್ಟೆಯಲ್ಲಿ ಉರಿಯುವುದು
ಅಷ್ಟಾಗಿ ಎದುರಾಡುವುದಿಲ್ಲ.

"ಅಂಕೋಲೆಯ ಮೆಕ್ಯಾನಿಕ್ ಬಲ್ಬು ಕಳಚಿ ಅಳೆದಿದ್ದ,
ಮೇಲೂ ಹನ್ನೆರಡೇ ತೋರಿಸಿತ್ತು!" ಎಂದರು ತಾಂಡೇಲರು,
ನನ್ನ ಮೀಟರನ್ನು ಕಳ್ಳನನ್ನು ನೋಡಿದಂತೆ ನೋಡುತ್ತ.
ಅವನು ಹೇಳಿದ್ದು ಸುಳ್ಳಲ್ಲ.
ಏನೂ ಹರಿಯದಿದ್ದಾಗ
ಎಂಥ ಕೆಟ್ಟ ತಂತಿಯೂ ಸಾಚಾ.
ದೀಪ ಹೊತ್ತಿಸಿಯೇ ನೋಡಬೇಕು.

ಹೋದದ್ದು ಮೂರು ವೋಲ್ಟು.
ಎರಡೂವರೆಯಿಂದ ಭಾಗಿಸಿದರೆ ಹಾದಿಯ ತಡೆ,
ಒಂದು ಪಾಯಿಂಟ್ ಎರಡು ಓಮು.
ಗುಣಿಸಿದರೆ ಏಳೂವರೆ ವ್ಯಾಟು.
ಬೆಳಕಾಗದ ಮೇಲೆ ಅದು ಶಾಖವಾಗಿ
ಈ ಬೋಟಿನಲ್ಲೇ ಎಲ್ಲೋ ಕೂತಿರಬೇಕು.
ತಂತಿಯ ಗುಂಟ ಬೆರಳಾಡಿಸುತ್ತ ಹೊರಟೆ,
ಇಂಜಿನ್ನಿನ ಬಾಯಿ ದಾಟಿ, ಚುಕ್ಕಾಣಿಯ ಹಿಂದೆ,
ಸಾಂತೇರಿಯ ಪಟದ ಕೆಳಗೆ
ಕಪ್ಪು ಟೇಪು ಸುತ್ತಿದ ಒಂದು ಗಂಟು.
ಮುಟ್ಟಿದ ಬೆರಳು ತಾನಾಗಿ ಕಿವಿಗೆ ಹೋಯಿತು.

ಟೇಪು ಬಿಚ್ಚಿದರೆ ತಾಮ್ರವೇ ಇಲ್ಲ,
ಹಸಿರು ಹಿಟ್ಟು. ಉಪ್ಪು ತಿಂದು ಉಳಿಸಿದ
ನಾಲ್ಕೈದು ಎಳೆ.
ಮೀಟರಿಟ್ಟೆ: ಗೇಣಿಗೂ ಕಮ್ಮಿ ಜಾಗದಲ್ಲಿ
ಎರಡೂ ಮುಕ್ಕಾಲು ವೋಲ್ಟು, ಚೂರು ಹೆಚ್ಚೇ.
ಇದರಪ್ಪನಂಥ ಬಲ್ಬು ಹಾಕಿದ್ದರೆ ಅದು ಇನ್ನೂ ಹೆಚ್ಚು ಎಳೆದು
ಇಲ್ಲೇ ಹದಿನಾರು ಹದಿನೇಳು ವ್ಯಾಟು ಕಾಯುತ್ತಿತ್ತು,
ಡೀಸೆಲ್ಲು ಕುಡಿದ ಹಲಗೆಗೆ ಒರಗಿಕೊಂಡು.
ಇದನ್ನು ತಾಂಡೇಲರಿಗೆ ಹೇಳಿದೆ.
ಅವರು ಪಟಕ್ಕೆ ಕೈಮುಗಿದರು, ನನಗಲ್ಲ.

ಕತ್ತರಿಸಿ, ಕೆರೆದು, ಹೊಸ ತಾಮ್ರ ಹೆಣೆದು
ಬೆಸುಗೆಯ ಹೊಗೆಯಲ್ಲಿ ಕಣ್ಣು ಕಿರಿದಾಗಿಸಿ ಮುಗಿಸಿದೆ.
ಸಂಜೆಯಾಗಿತ್ತು. ದೇವಗಡದ ದೀಪಸ್ತಂಭ
ಆಗಷ್ಟೇ ಒಮ್ಮೆ ಮಿಟುಕಿತ್ತು.
ನಮ್ಮದೂ ಹೊತ್ತಿತು. ಖಲಾಸಿ ಹುಡುಗ
ಧಕ್ಕೆಯ ತುದಿಗೆ ಓಡಿ, ತಿರುಗಿ ನಿಂತು,
ಕೂಗಲಿಲ್ಲ, ಎರಡೂ ಕೈ ಚಾಚಿದ.

ತಾಂಡೇಲರು ಮೀಟರಿಗೆ ಬಾಗಿದರು.
"ಹನ್ನೊಂದು ಮುಕ್ಕಾಲು ಅಂತಿದೆಯಲ್ಲ!
ಕಾಲು ವೋಲ್ಟು ಎಲ್ಲಿ ಬಾಯ?"

"ಅದು ತಂತಿಯ ಕೂಲಿ," ಅಂದೆ.
"ನನ್ನದು ಇನ್ನೂ ಬಾಕಿ."